ಎದುರುಮನೆಯ ನರ್ಸಮ್ಮ ಹಾಕುತ್ತಿದ್ದ ಎಲೆಗಳು

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಊಟದ ಮೇಜಿನ ಮೇಲೆ ಹೊಸ ಕಟ್ಟೊಂದನ್ನು ಬಿಚ್ಚಿ ಹರಡಿದಳು. ನೋಡಲು ಇಸ್ಪೀಟ್ ಎಲೆಗಳ ಹಾಗೆ. ಒಂದರಲ್ಲಿ ಹಡಗು, ಒಂದರಲ್ಲಿ ನಾಯಿ, ಇನ್ನೊಂದರಲ್ಲಿ ಬೀಗದ ಕೈ.

"ಟ್ಯಾರೋ ಸಾಕಾಯ್ತು ಅಜ್ಜಿ. ಇದು ಲೆನೊರ್ಮಾಂಡ್ ಅಂತ, ಸಖತ್ ಸಿಂಪಲ್. ನಿಮಗೂ ಭವಿಷ್ಯ ನೋಡ್ಲಾ?"

"ಬೇಡ" ಅಂದೆ. ದನಿ ಗಡುಸಾಗಿ ಬಂತು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಹೆಸರು ನಾನು ಕೇಳಿದ್ದು ಅವತ್ತೇ. ಚಿತ್ರಗಳು ಮಾತ್ರ ಅರವತ್ತು ವರ್ಷಗಳಿಂದ ಗೊತ್ತಿದ್ದವು...

ನಾನು ಮದುವೆಯಾಗಿ ಜಯನಗರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎದುರುಮನೆಯಲ್ಲಿ ಒಬ್ಬರೇ ಇದ್ದರು, ಮಿಲಿಟರಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸು. ಬೀದಿಗೆಲ್ಲ ಅವರು ನರ್ಸಮ್ಮ. ಎತ್ತರದ ಆಳು, ನರೆಗೂದಲು, ಗಂಜಿ ಹಾಕಿದ ಬಿಳಿ ಸೀರೆ. ಮಹಾಯುದ್ಧದ ಕಾಲದಲ್ಲಿ ಇಟಲಿಯ ಕಡೆ ಇದ್ದರಂತೆ. ಅಲ್ಲಿ ಅವರ ಆರೈಕೆಯಲ್ಲಿದ್ದ ಜರ್ಮನ್ ಕೈದಿಯೊಬ್ಬ ಕೊಟ್ಟುಹೋದದ್ದು ಆ ಎಲೆಗಳ ಕಟ್ಟು.

ಅತ್ತೆ ಊಟ ಮುಗಿಸಿ ಅಡ್ಡಾದ ಮೇಲೆ ನಾನು ಬೀದಿ ದಾಟಿ ಹೋಗುತ್ತಿದ್ದೆ. ನರ್ಸಮ್ಮ ಎಲೆಗಳನ್ನು ಕಲಸಿ ಚಾಪೆಯ ಮೇಲೆ ಜೋಡಿಜೋಡಿಯಾಗಿ ಇಡುತ್ತಿದ್ದರು. ಒಂಟಿ ಎಲೆಗೆ ಅರ್ಥವಿಲ್ಲ, ಪಕ್ಕದ್ದನ್ನು ಸೇರಿಸಿ ಓದಬೇಕು ಅನ್ನುತ್ತಿದ್ದರು. ಹಡಗಿನ ಪಕ್ಕ ಕಾಗದ ಬಂದರೆ ದೂರದಿಂದ ಸುದ್ದಿ. ಇಲಿಯ ಪಕ್ಕ ಉಂಗುರ ಬಂದರೆ ಒಡವೆ ಜೋಪಾನ. ಕಳೆದುಹೋದ ನನ್ನ ಮೂಗುಬೊಟ್ಟು, ಬಾರದ ತವರಿನ ಕಾಗದ, ಇಂಥವನ್ನೇ ಕೇಳುತ್ತಿದ್ದೆ. ಸುಳ್ಳೋ ನಿಜವೋ, ಇಬ್ಬರಿಗೂ ನಗು ಬರುತ್ತಿತ್ತು.

"ಮುಂಚೆ ಟ್ಯಾರೋ ಎಲೆ ಇಟ್ಕೊಂಡಿದ್ದೆ ಕಣಮ್ಮ" ಅಂದರು ಒಮ್ಮೆ. "ವಾರ್ಡಿನ ಹುಡುಗ್ರು ಹಾಕಿ ಹಾಕಿ ಅಂತ ದುಂಬಾಲು ಬೀಳೋರು. ಅದರಲ್ಲಿ ಸಾವು ಅಂದ್ರೆ ಕುದುರೆ ಮೇಲೆ ಬರೋ ಅಸ್ಥಿಪಂಜರ. ಅದು ಬಂದಾಗ ಹುಡುಗ್ರು ಎಲೆ ನೋಡ್ತಿರಲಿಲ್ಲ, ನನ್ನ ಮುಖ ನೋಡೋರು. ಅವತ್ತೇ ಬಿಟ್ಬಿಟ್ಟೆ. ಇದರಲ್ಲಾದ್ರೆ ನಾಯಿ, ಮನೆ, ಹೂವು... ದಿನಾ ಕಣ್ಣಿಗೆ ಬೀಳೋವೇ."

ಆಮೇಲೆ ಚೀನಾ ಯುದ್ಧ ಬಂತು. ನನ್ನ ಮೈದುನ ಗಡಿಯಲ್ಲಿದ್ದ. ಅವನು ಕಾಣೆಯಾಗಿದ್ದಾನೆಂದು ತಂತಿ ಬಂದ ಮರುದಿನ, ಮಡಿ ಅಂತ ನರ್ಸಮ್ಮನ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟದಿದ್ದ ಅತ್ತೆ ಕೆದರಿದ ಕೂದಲಲ್ಲೇ ಬೀದಿ ದಾಟಿದರು. ನಾನು ಹಿಂದೆ ಓಡಿದೆ.

"ನರ್ಸಮ್ಮ, ನನ್ನ ಮಗ ಬರ್ತಾನಾ?"

ನರ್ಸಮ್ಮ ಬೇಡ ಅನ್ನಲು ನೋಡಿದರು. ಅತ್ತೆ ಏಳಲಿಲ್ಲ. ಕೊನೆಗೆ ಎಲೆ ಹಾಕಿದರು. ಕುದುರೆ ಸವಾರ ಬಂದ, ಪಕ್ಕದಲ್ಲಿ ಮನೆ. ಮೂರನೆಯದನ್ನು ಮಗುಚಿದವರೇ ಅಂಗೈ ಅಡ್ಡ ಇಟ್ಟರು.

"ಬರ್ತಾನೆ, ಅಮ್ಮಾವ್ರೇ" ಅಂದರು.

ಅಂಗೈ ಕೆಳಗಿದ್ದದ್ದೇನೆಂದು ಆಮೇಲೆ ಕೇಳಿದೆ. ಗೋಪುರ. ಬಾಗಿಲಿಲ್ಲದ ಒಂಟಿ ಗೋಪುರ. "ಬರ್ತಾನೆ ಕಣಮ್ಮ. ಆದ್ರೆ ಬಂದವನು ಒಳಗಡೇನೇ ಇರ್ತಾನೆ" ಅಂದರು.

ಮುಂದಿನ ಬೇಸಿಗೆಯಲ್ಲಿ ಅವನು ಬಂದೇಬಿಟ್ಟ. ಚೀನೀಯರ ಸೆರೆಯಲ್ಲಿದ್ದನಂತೆ. ಅತ್ತೆ ನರ್ಸಮ್ಮನ ಮನೆಗೆ ಹೋಗಿ, ಕೂತು, ಕಾಫಿ ಕುಡಿದು ಬಂದರು. ಮೈದುನ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತವನು ಯಾರೊಡನೆಯೂ ಮಾತಾಡಲಿಲ್ಲ. ಮದುವೆಯಲ್ಲಿ ನನ್ನನ್ನು ಗೋಳು ಹೊಯ್ದುಕೊಂಡ ಹುಡುಗ ಅವನೇ ಅಂದರೆ ನಂಬಲಾಗುತ್ತಿರಲಿಲ್ಲ.

ಎಲೆಗಳ ಸುದ್ದಿಯನ್ನು ಅವನಿಗೆ ಹೇಳಿದ್ದು ಅತ್ತೆಯೇ. ಅವತ್ತಿನಿಂದ ಅವನೂ ಬೀದಿ ದಾಟತೊಡಗಿದ. ಅವನದು ಒಂದೇ ಪ್ರಶ್ನೆ. ಹಿಮದಲ್ಲಿ ಗುಂಡು ತಗುಲಿ ಬಿದ್ದ ಜೊತೆಗಾರನನ್ನು ಬಂಡೆಯ ಮರೆಯಲ್ಲಿ ಕೂರಿಸಿ, "ಇರು, ಬರ್ತೀನಿ" ಅಂತ ಹೇಳಿ ಬಂದಿದ್ದನಂತೆ. ಅವನು ಬದುಕಿದ್ದಾನಾ? ನರ್ಸಮ್ಮ ದಿನವೂ ಎಲೆ ಹಾಕುತ್ತಿದ್ದರು, ದಿನವೂ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದರು. "ಅತ್ತಿಗೆ, ಇವತ್ತು ಹಡಗು ಬಂತು. ಅವನು ಅಲ್ಲಿಂದ ಹೊರಟಿದ್ದಾನೆ" ಅಂತ ಅವನು ಬಂದು ಹೇಳುವಾಗ ಆ ಕಣ್ಣು ನೋಡಲು ನನಗೆ ಭಯವಾಗುತ್ತಿತ್ತು.

ಒಂದು ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ನರ್ಸಮ್ಮ ಎಲೆಗಳನ್ನು ಮುಟ್ಟಲಿಲ್ಲ.

"ಗುಂಡು ಎಲ್ಲಿಗೆ ಬಿದ್ದಿತ್ತು, ಕಂದ?"

ಅವನು ಹೊಟ್ಟೆ ತೋರಿಸಿದ.

"ಹಾಗಾದ್ರೆ ಅವನು ಅವತ್ತೇ ಹೋಗ್ಬಿಟ್ಟ. ಎಲೆ ನೋಡಿ ಹೇಳ್ತಿಲ್ಲ, ಅಂಥೋರನ್ನ ಕೈಯಾರೆ ಆರೈಕೆ ಮಾಡಿದ್ದೀನಿ. ನೀನು ವಾಪಸ್ ಹೋಗಿದ್ರೂ ಅವನು ಇರ್ತಿರಲಿಲ್ಲ."

ಅವನು ಬೀದಿಗೆಲ್ಲ ಕೇಳುವಂತೆ ಅತ್ತ. ಆಮೇಲೆ ಚೇತರಿಸಿಕೊಂಡ ಅಂತಲೇ ನಾವು ತಿಳಿದೆವು. ಹೊಟ್ಟೆ ತುಂಬ ಉಂಡ, ಗಡ್ಡ ಬೋಳಿಸಿದ. ಒಂದು ದಿನ ಬೆಳಿಗ್ಗೆ, "ಅವನೂರಿಗೆ ಹೋಗಿ ಅವರಮ್ಮನಿಗೆ ವಿಷಯ ಹೇಳಿ ಬರ್ತೀನಿ, ಅತ್ತಿಗೆ" ಅಂತ ಹೊರಟ. ಹಾದಿಗೆ ಚಿತ್ರಾನ್ನ ಕಟ್ಟಿಕೊಟ್ಟೆ.

ಬರಲಿಲ್ಲ. ನನ್ನ ಗಂಡ ಆ ಊರಿನವರೆಗೂ ಹೋಗಿ ವಿಚಾರಿಸಿದರು. ಬಂದಿದ್ದನಂತೆ, ಆ ತಾಯಿಯ ಕಾಲು ಹಿಡಿದು ಎಲ್ಲ ಹೇಳಿದನಂತೆ, ಬೆಳಿಗ್ಗೆ ಬಸ್ಸಿಗೆ ಅಂತ ಹೊರಟನಂತೆ. ಅಲ್ಲಿಂದಾಚೆಗೆ ಯಾರಿಗೂ ಗೊತ್ತಿಲ್ಲ...

ಅತ್ತೆ ಮತ್ತೆ ಬೀದಿ ದಾಟಿದರು. "ಎಲೆ ಹಾಕಿ, ನರ್ಸಮ್ಮ."

"ಎಲೆ ಇಲ್ಲ, ಅಮ್ಮಾವ್ರೇ. ಹೋಗೋ ಹಿಂದಿನ ದಿನ ಅವನೇ ಕೇಳಿ ಇಸ್ಕೊಂಡ."

ಅತ್ತೆ ನಂಬಲಿಲ್ಲ. ದಿನಾ ಮಧ್ಯಾಹ್ನ ಅವರ ಗೇಟಿನ ಮುಂದೆ ನಿಲ್ಲತೊಡಗಿದರು. ಕರೆದರೂ ಬರುತ್ತಿರಲಿಲ್ಲ, ಕೈ ಹಿಡಿದರೆ ಕೊಡವುತ್ತಿದ್ದರು. ಕೊನೆಗೆ ನರ್ಸಮ್ಮ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಬೆನ್ನ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದು ಹೊಸ ಕಟ್ಟು ಮಾಡಿದರು. ವಕ್ರವಕ್ರ ಹಡಗು, ಬೆಕ್ಕಿನಂಥ ನಾಯಿ. ಅತ್ತೆಗೆ ಅಷ್ಟೇ ಸಾಕಾಗಿತ್ತು. ಒಮ್ಮೆ ಅವರಿಬ್ಬರೂ ಒಳಗಿದ್ದಾಗ ನಾನು ಆ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಗೋಪುರ ಇರಲಿಲ್ಲ. ಶವದ ಪೆಟ್ಟಿಗೆ ಇರಲಿಲ್ಲ. ಮೋಡ, ಕುಡುಗೋಲು, ಹಳೆಯ ಕಟ್ಟಿನ ಕೆಟ್ಟ ಎಲೆ ಯಾವುದೂ ಇರಲಿಲ್ಲ.

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. "ಯಾವ ಎಲೆ ಬಂದ್ರೂ ಬರ್ತಾನೆ ಅಂತಲೇ ಆಗ್ಬೇಕಲ್ಲ ಕಣಮ್ಮ" ಅಂದರು.

ಅತ್ತೆ ತೀರಿಕೊಳ್ಳುವವರೆಗೂ ಅದು ನಡೆಯಿತು. ನರ್ಸಮ್ಮ ಹೆಣದ ಪಕ್ಕ ಬಂದು ಕೂತರು, ಅಳಲಿಲ್ಲ. ಸ್ವಲ್ಪ ದಿನಕ್ಕೆ ಮನೆ ಮಾರಿ ತಂಗಿಯ ಊರಿಗೆ ಹೊರಟುಹೋದರು. ಹೊರಡುವಾಗ ನನ್ನ ಕೆನ್ನೆ ಸವರಿದರು. ಆಮೇಲೆ ಎಲ್ಲಿ, ಯಾವಾಗ ತೀರಿಕೊಂಡರೋ ತಿಳಿಯಲಿಲ್ಲ. ಅವರ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ.

ಈಗ ನನ್ನ ಗಂಡನೂ ಇಲ್ಲ. ಪಕ್ಷಮಾಸದಲ್ಲಿ ಮಗ ಹಿರಿಯರಿಗೆಲ್ಲ ತರ್ಪಣ ಬಿಡುತ್ತಾನೆ. ಅವರಪ್ಪ ಇರುವವರೆಗೂ ತಮ್ಮನ ಹೆಸರು ಹೇಳಿಸಿರಲಿಲ್ಲ. ಈ ಸಲ ಪುರೋಹಿತರು ಬರುವ ಮುಂಚೆ ಮಗ ನನ್ನ ಕೋಣೆಗೆ ಬಂದು ಮೆಲ್ಲಗೆ ಕೇಳಿದ.

"ಅಮ್ಮ, ಚಿಕ್ಕಪ್ಪನ ಹೆಸರೂ ಸೇರಿಸ್ಲಾ? ಇದ್ದಿದ್ರೂ ಎಂಬತ್ತು ದಾಟಿರೋದಲ್ವಾ..."

ಅವನು ಹೇಳಿದ್ದು ಸರಿ. ನನಗೂ ಗೊತ್ತು.

"ಈ ವರ್ಷ ಬೇಡ ಕಣೋ" ಅಂದೆ.