ಶೇಕದಾರರ ಕುದುರೆಯ ಲಾಳ

ಕಂದಾಯದ ಶೇಕದಾರ ಮರುಳಸಿದ್ದಪ್ಪನವರು ಶಿವಮೊಗ್ಗದಿಂದ ಹಳ್ಳಿಗಳಿಗೆ ಹೋಗುತ್ತಿದ್ದುದು ಕುದುರೆಯ ಮೇಲೆ. ಆದರೆ ಅದಕ್ಕೆ ಲಾಳ ಹೊಡೆಸಬೇಕೋ ಬೇಡವೋ ಎಂಬುದು ವರ್ಷಗಟ್ಟಲೆ ತೀರ್ಮಾನವಾಗಿರಲಿಲ್ಲ. ಸಂತೆಯ ದಿನ ಲಾಳ ಹೊಡೆಯುವ ಬುಡನ್ ಸಾಬರ ಮುಂದೆ ನಿಂತು, ಹಲಸಿನಹಣ್ಣು ಒತ್ತಿ ನೋಡುವವರಂತೆ ಒಂದೊಂದೇ ಗೊರಸನ್ನು ಒತ್ತಿ ನೋಡಿ, ನಶ್ಯ ಏರಿಸಿ, "ಭದ್ರಾವತಿ ಕಬ್ಬಿಣ ರೈಲಿಗಿರಲಿ ಸಾಬರೇ, ಇದು ಹುಟ್ಟಿದ್ದೇ ಬರಿಗಾಲಲ್ಲಿ. ಯೋಚನೆ ಮಾಡಿ ಬರ್ತೀನಿ" ಎಂದು ಹೊರಟುಬಿಡುವರು. ಜಲ್ಲಿ ರಸ್ತೆ ಬಂದರೆ ತಾವೇ ಇಳಿದು, ಕುದುರೆಯನ್ನು ಪಕ್ಕದ ಹುಲ್ಲಿನ ಮೇಲೆ ನಡೆಸಿ, ತಾವು ಜಲ್ಲಿ ತುಳಿಯುವರು. ಎರಡನೇ ಮಹಾಯುದ್ಧ ಬಂದು, ರೈತರ ಮನೆಯ ಭತ್ತವನ್ನು ಸರ್ಕಾರದ ಕಡ್ಡಾಯ ಲೆವಿಗೆ ಅಳೆಸುವ ಕೆಲಸ ಹೆಗಲಿಗೆ ಬಿದ್ದ ವಾರವೇ ನಾಲ್ಕು ಕಾಲಿಗೂ ಲಾಳ ಹೊಡೆಸಿದರು. ಅಧಿಕಾರಕ್ಕೆ ಸದ್ದು ಬೇಕಾಯಿತೇನೋ ಎಂದು ನಾನೂ ಅಂದುಕೊಂಡೆ. ಹೊಳಲೂರಿನ ಮಹಾಂತಮ್ಮ ಒಮ್ಮೆ ದನಿ ತಗ್ಗಿಸಿ ಹೇಳಿದರು: "ಮೊದ್ಲು ಅವ್ರು ಬಾಗ್ಲಿಗೆ ಬಂದ್ಮೇಲೇ ಗೊತ್ತಾಗ್ತಿತ್ತು. ಈಗ ಊರ ಮುಂದಿನ ಕಲ್ಲುಮೋರಿ ಹತ್ರಾನೇ ಟಕಟಕ ಕೇಳ್ಸುತ್ತೆ. ಮಕ್ಕಳ ಪಾಲಿನ ಒಂದು ಮೂಟೆ ಬಣವೆಯೊಳಗೆ ಸೇರಿಸಿಬಿಡ್ತೀವಿ. ನಮಗೆ ಹೊತ್ತು ಸಾಲ್ದೇನೋ ಅಂತ, ಮೋರಿ ಮೇಲೆ ನಿಂತು ನಿಧಾನಕ್ಕೆ ನಶ್ಯ ಬೇರೆ ಏರಿಸ್ತಾರೆ."