ಎಂಟನೆಯ ಬಿಟ್

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಫಜಲಪುರದ ಒಂದು ಓಣಿಯಲ್ಲಿ, ಮಾಳಿಗೆಯ ಮೇಲೆ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕೆಳಗಡೆ ಟೈಪಿಂಗ್ ಕ್ಲಾಸು. ಅದನ್ನು ನಡೆಸುತ್ತಿದ್ದ ಹೆಣ್ಣುಮಗಳನ್ನು ಊರೆಲ್ಲ ಬಾಯಾರು ಎನ್ನುತ್ತಿತ್ತು. ಕನ್ನಡ ಟೈಪಿಂಗಿನಲ್ಲಿ ಅವರ ಕೈ ತಪ್ಪುವುದಿಲ್ಲ ಎಂಬ ಮಾತಿತ್ತು. ವಕೀಲರು ಅವರ ಹಾಳೆಗಳಿಗೆ ಓದಿ ನೋಡದೆ ಸಹಿ ಹಾಕುತ್ತಿದ್ದರು. ಆದರೆ ನಾನು ಕ್ಲಾಸು ತೆರೆದ ಮೇಲೆ ಅವರ ಹುಡುಗಿಯರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ನನ್ನ ಕಡೆಗೆ ಬರತೊಡಗಿದ್ದರು.

ರೈತರ ಮಾಲನ್ನು ದಲಾಲಿಗೆ ಮಾರಿಸುವ ಊರಿನ ಅಡತಿ ವ್ಯಾಪಾರಿಗಳಿಗೆ ಆಳಂದ, ಜೇವರ್ಗಿಯ ತೊಗರಿ ಧಾರಣೆ ದಿನಾ ಮುಂಜಾನೆ ಫೋನಿನಲ್ಲಿ ಬರುತ್ತಿತ್ತು. ಅದನ್ನು ಕರಿಹಲಗೆಯ ಬದಲು ಕಂಪ್ಯೂಟರಿನ ಪರದೆಯ ಮೇಲೆ, ವೆಬ್‌ಸೈಟಿನ ಪುಟದ ಹಾಗೆ, ತೋರಿಸಬಹುದೇ ಎಂದು ಅವರ ಹಿರಿಯ ಸಾವುಕಾರರು ಕೇಳಿದರು. ಕನ್ನಡದಲ್ಲಿ ಬಂದರೆ ಟೈಪ್ ಮಾಡಲು ಒಬ್ಬರನ್ನು ಕಾಯಂ ಇಟ್ಟುಕೊಳ್ಳುವುದಾಗಿಯೂ ಹೇಳಿದರು. ಆ ಕೆಲಸ ಬಾಯಾರಿಗೇ ಎಂದು ನಾನು ಮನಸ್ಸಿನಲ್ಲೇ ಗೊತ್ತು ಮಾಡಿದೆ. ಅವರ ಕ್ಲಾಸು ಖಾಲಿಯಾಗಲು ಕಾರಣ ನಾನೇ ಆಗಿದ್ದೆ.

ವ್ಯಾಪಾರಿಗಳ ಆಫೀಸಿನಲ್ಲಿದ್ದದ್ದು ಹರಾಜಿನಲ್ಲಿ ಕೊಂಡ ಹಳೆಯ ಯಂತ್ರ. ಅದರ ನೆನಪಿನ ಶಕ್ತಿ ಬಹಳ ಕಡಿಮೆ. ಪುಟಗಳನ್ನು ಜೋಡಿಸಿ ಕಳಿಸುವ ದೊಡ್ಡ ತಂತ್ರಾಂಶ ಯಾವುದೂ ಅದರಲ್ಲಿ ಕೂರುತ್ತಿರಲಿಲ್ಲ. ಹಾಗಾಗಿ ಆ ಕೆಲಸ ಮಾಡುವ ಎಂಜಿನ್ನನ್ನು ನಾನೇ ಅಸೆಂಬ್ಲಿಯಲ್ಲಿ ಬರೆದೆ. ಅದು ಯಂತ್ರಕ್ಕೆ ಒಂದೊಂದು ಹೆಜ್ಜೆಯನ್ನೂ ನೇರವಾಗಿ ಹೇಳುವ ಭಾಷೆ. ಅದರಲ್ಲಿ ಬರೆದದ್ದು ಬಹಳ ಚಿಕ್ಕದಾಗಿರುತ್ತದೆ. ಅದನ್ನು ಇನ್ನೂ ಚಿಕ್ಕದು ಮಾಡುವ ಚಟ ನನಗೆ ಹತ್ತಿತು. ಕಂಪ್ಯೂಟರಿನಲ್ಲಿ ಒಂದು ಅಕ್ಷರಕ್ಕೆ ಎಂಟು ಬಿಟ್‌ಗಳ, ಅಂದರೆ ಸೊನ್ನೆ ಇಲ್ಲವೆ ಒಂದು ಕೂರುವ ಎಂಟು ಮನೆಗಳ ಜಾಗವಿರುತ್ತದೆ, ಇಂಗ್ಲಿಷಿಗೆ ಏಳೇ ಸಾಕು. ಸುಮ್ಮನೆ ಉಳಿದ ಎಂಟನೆಯದನ್ನು ಸಾಲು ಮುಗಿಯಿತೆಂಬ ಗುರುತಿಗೆ ಬಳಸಿಕೊಂಡೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಪರೀಕ್ಷೆಗೆ ಬರೆದ ಪುಟಗಳೆಲ್ಲ ಇಂಗ್ಲಿಷಿನವು. ನಮ್ಮಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುವ ರೂಢಿ. ನಾನು ಕನ್ನಡವನ್ನೂ ಅಲ್ಲೇ ಹೊರಗೆ ಬಿಟ್ಟು ಹೋಗುತ್ತಿದ್ದೆ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಬಾಯಾರು ನನ್ನ ಕ್ಲಾಸಿನ ಕಂಪ್ಯೂಟರಿನಲ್ಲಿ ಧಾರಣೆಯ ಪುಟವನ್ನು ಕನ್ನಡದಲ್ಲಿ ಹೊಡೆದು ಫ್ಲಾಪಿಯಲ್ಲಿ ಕೊಟ್ಟರು. ಅವರು ಟೈಪ್ ಮಾಡಿದ ತಂತ್ರಾಂಶದಲ್ಲೇ ತೆರೆದು ನೋಡಿದೆ, ಚೆನ್ನಾಗಿತ್ತು. ಎಂಜಿನ್ನಿಗೆ ಹಾಕಿ ನೋಡಲಿಲ್ಲ.

ತೋರಿಸುವ ದಿನ ಸಾವುಕಾರರು ಯಂತ್ರಕ್ಕೆ ವಿಭೂತಿ ಹಚ್ಚಿಸಿ ಕಾಯಿ ಒಡೆಸಿದರು. ಮೊದಲು ಇಂಗ್ಲಿಷ್ ಪುಟ ತೆಗೆದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂತು. ಎಲ್ಲರೂ ಶಾಭಾಸ್ ಅಂದರು. ಆಮೇಲೆ ಕನ್ನಡದ್ದು.

ಆ ಕಾಲದ ಕನ್ನಡ ಫಾಂಟುಗಳಲ್ಲಿ ನಮ್ಮ ಅಕ್ಷರಗಳು ಇದ್ದದ್ದೇ ಎಂಟನೆಯ ಬಿಟ್ ಬೇಕಾಗುವ ಜಾಗದಲ್ಲಿ. ನನ್ನ ಎಂಜಿನ್ ಒಂದೊಂದು ಅಕ್ಷರವನ್ನೂ ಸಾಲಿನ ಕೊನೆಯೆಂದು ತಿಳಿದು ಅಲ್ಲಲ್ಲೇ ಮುರಿದು ಹಾಕಿತ್ತು. ತಲೆಕಟ್ಟು ಒಂದು ಸಾಲಿನಲ್ಲಿ, ಒತ್ತು ಇನ್ನೊಂದರಲ್ಲಿ, ನಡುನಡುವೆ ಸಂಬಂಧವಿಲ್ಲದ ಗುರುತುಗಳು. ಅಂಕಿಗಳು ಮಾತ್ರ ಸರಿಯಾಗಿದ್ದವು.

“ತೊಗರಿ ಒಡದು ಬ್ಯಾಳಿ ಮಾಡ್ಯದಲ್ರಿ ಮಷಿನ್ನು,” ಅಂದರು ಒಬ್ಬ ಅಡತಿಯವರು.

ಅವರ ಪಕ್ಕದಲ್ಲಿದ್ದ ಮುದುಕ ವ್ಯಾಪಾರಿ, ಎಲ್ಲರಿಗೂ ಚಾಚಾ, ಬಗ್ಗಿ ನೋಡಿದರು. “ಹೊಟ್ಟೂ ಇದರಾಗೇ ಅದರಿ. ಯಾರರೆ ಮೊರ ತಗೊಂಡು ಬರ್ರಿ, ಕೇರಬೇಕು.”

ಎಲ್ಲರೂ ನಕ್ಕರು. ಸಾವುಕಾರರು ನಗಲಿಲ್ಲ. “ಇಂಗ್ಲಿಷ್ ಛಲೋ ಬಂತಲ್ಲ. ಕನ್ನಡ ಹೊಡದೋರು ಯಾರು?”

ಬಾಯಾರು ಬಾಗಿಲ ಬಳಿ ನಿಂತಿದ್ದರು. “ನಾನ್ರಿ. ಹೊಡದ ಮ್ಯಾಲ ಮತ್ತ ಓದೇನ್ರಿ. ಅಲ್ಲಿ ಎಲ್ಲಾ ಸರಿ ಇತ್ರಿ.”

“ಬಾಯಾರ ತಪ್ಪಲ್ರಿ ಸಾವ್ಕಾರ್ರೆ,” ಅಂದೆ. “ನನ್ನ ಪ್ರೋಗ್ರಾಮಿನ ತಪ್ಪರಿ ಇದು.”

“ಇರ್ಲಿ ಬಿಡ್ರಿ ಸರ್. ಹೆಣ್ಮಗಳು ಅಂತ ನೀವು ಮೈಮ್ಯಾಲ ಹಾಕ್ಕೊಳಾಕತ್ತೀರಿ. ದೊಡ್ಡ ಮನಸ್ಸು ನಿಮ್ದು,” ಅಂದರು ಸಾವುಕಾರರು.

ಬಿಟ್, ಫಾಂಟ್ ಎಂದು ವಿವರಿಸಲು ಹೋದೆ. ಮಾತು ಉದ್ದವಾದಷ್ಟೂ ಅದು ಕನಿಕರದ ಹಾಗೆ ಕೇಳಿಸುತ್ತಿತ್ತು. ಅಡತಿಯವರು ನನ್ನ ಬೆನ್ನು ತಟ್ಟಿದರು. ಸದ್ಯ ಇಂಗ್ಲಿಷೇ ಇರಲಿ, ಅಂಕಿಗಳು ಎಲ್ಲರಿಗೂ ತಿಳಿಯುತ್ತವೆ ಎಂದು ಅಲ್ಲೇ ತೀರ್ಮಾನವಾಯಿತು. ನನ್ನ ಎಂಜಿನ್ ಉಳಿಯಿತು. ತಿರುಗಿ ನೋಡಿದಾಗ ಬಾಯಾರು ಚಪ್ಪಲಿ ಮೆಟ್ಟಿಕೊಂಡು ಹೋಗಿಯಾಗಿತ್ತು.

ಸರಿಪಡಿಸುವುದು ದೊಡ್ಡ ಕೆಲಸವೇನಾಗಿರಲಿಲ್ಲ. ಸಾಲಿನ ಕೊನೆಗೆ ಬೇರೆ ಗುರುತು ಇಟ್ಟೆ, ಅಷ್ಟೆ. ಅದೇ ಫ್ಲಾಪಿ, ಅದೇ ಪುಟ, ಒಂದು ಅಕ್ಷರ ಬದಲಿಸದೆ ಸಾವುಕಾರರ ಮುಂದೆ ತೆರೆದೆ. ಆಳಂದ, ಜೇವರ್ಗಿ, ಅಫಜಲಪುರ, ಎಲ್ಲವೂ ಅಂದವಾಗಿ ಬಂದವು. ಇದು ಅವತ್ತಿನದೇ ಹಾಳೆ ಎಂದೂ ಹೇಳಿದೆ.

ಅವರು ನಿಧಾನವಾಗಿ ಓದಿದರು. “ನೋಡ್ರಿ, ಈಗ ಕಲ್ತಾರ,” ಅಂದರು ಸಂತೋಷದಿಂದ. “ನೀವು ಹೇಳಿಕೊಟ್ಟಿರಬೇಕು. ನಾಳಿಂದ ಬರಾಕ ಹೇಳ್ರಿ.”

ಸುದ್ದಿ ತೆಗೆದುಕೊಂಡು ಟೈಪಿಂಗ್ ಕ್ಲಾಸಿಗೆ ಹೋದೆ. ಬಾಯಾರು ಮಷಿನ್ನಿನ ರಿಬ್ಬನ್ ಬದಲಿಸುತ್ತಿದ್ದರು. ಬೆರಳೆಲ್ಲ ಮಸಿ.

“ಅವ್ರು ಏನಂದ್ರು?” ಎಂದು ಕೇಳಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನೊಮ್ಮೆ ಹೋಗಿ, ಎಲ್ಲರನ್ನೂ ಕೂಡಿಸಿ, ತಪ್ಪು ಯಾರದೆಂದು ತೋರಿಸಿಯೇ ಬರುತ್ತೇನೆ ಅಂದೆ.

ಅವರು ರಿಬ್ಬನ್ ಸುತ್ತಿ ಮುಗಿಸಿದರು. “ಬ್ಯಾಡ್ರಿ ಸರ್. ನೀವು ಹೇಳಿದಷ್ಟೂ ತಪ್ಪು ನನ್ನ ಕಡೆನೇ ಬರಾಕತ್ತದ. ಕೆಲಸಕ್ಕ ಬರ್ತೇನಿ. ನೀವು ಸುಮ್ಮನಿದ್ರ ಸಾಕು.”

ಮರುದಿನದಿಂದ ಬಂದರು. ಫೋನಿನಲ್ಲಿ ಧಾರಣೆ ಕೇಳಿ, ಹೊಡೆದು, ಪುಟ ತೆರೆಯುತ್ತಿದ್ದರು. ಯಾರಾದರೂ ಹೊಸಬರು ಆಫೀಸಿಗೆ ಬಂದರೆ ಅಡತಿಯವರು ಕರೆದು ತೋರಿಸುತ್ತಿದ್ದರು: “ಮೊದ್ಲು ಬಾಯಾರಿಗಿ ಬರ್ತಿದ್ದಿಲ್ರಿ. ನಮ್ಮ ಸರ್ ಕಲಿಸ್ಯಾರ.” ಬಾಯಾರು ತಲೆ ಎತ್ತದೆ ಹೊಡೆಯುತ್ತಿದ್ದರು. ನಾನು ಅಲ್ಲೇ ಇರುತ್ತಿದ್ದೆ. ಅವರು ಹೇಳಿದ ಹಾಗೆ ಸುಮ್ಮನಿರುತ್ತಿದ್ದೆ.