ಗಂಜಿ ಸಿಸ್ಟರಿಗೆ ಒಂದು ಪುಟ

ನಮ್ಮ ಕಾನ್ವೆಂಟಿನಲ್ಲಿ ತೀರಿಕೊಂಡ ಪ್ರತಿಯೊಬ್ಬ ಸಿಸ್ಟರಿಗೂ ಒಂದು ಪುಟ ಸಿಗುತ್ತದೆ. ಒಂದೇ ಪುಟ. ಅರವತ್ತು ವರ್ಷ ದುಡಿದವಳಿಗೂ ಅಷ್ಟೇ, ವ್ರತ ತೆಗೆದುಕೊಂಡ ಮರುವರ್ಷವೇ ಕಣ್ಣು ಮುಚ್ಚಿದವಳಿಗೂ ಅಷ್ಟೇ. ಕಪ್ಪು ರಟ್ಟಿನ ದಪ್ಪ ಪುಸ್ತಕದಲ್ಲಿ ಅದನ್ನು ಬರೆದು, ಸತ್ತ ಮೂವತ್ತನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತೇವೆ; ಆಮೇಲೆ ವರ್ಷಕ್ಕೊಮ್ಮೆ, ಸತ್ತ ತಾರೀಖಿಗೆ. ಓದುವಾಗ ಯಾರೂ ಮಾತಾಡುವ ಹಾಗಿಲ್ಲ. ಕೊನೆಗೆ ಓದಿದವಳು ಸತ್ತವಳ ಹೆಸರು ಹೇಳುತ್ತಾಳೆ, ಉಳಿದವರು "ಪ್ರಭುವೇ, ಅವಳಿಗೆ ನಿತ್ಯ ವಿಶ್ರಾಂತಿ ಕೊಡು" ಎನ್ನುತ್ತಾರೆ, ಚಮಚಗಳ ಸದ್ದು ಮತ್ತೆ ಶುರುವಾಗುತ್ತದೆ.

ಹತ್ತು ವರ್ಷದಿಂದ ಆ ಪುಸ್ತಕ ನನ್ನ ಕೈಯಲ್ಲಿದೆ. ಮೂವತ್ತೆರಡು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿ ನಿವೃತ್ತಳಾದವಳಿಗೆ ಇದಕ್ಕಿಂತ ತಕ್ಕ ಕೆಲಸವಿಲ್ಲವೆಂದು ಆಗಿನ ಮದರ್ ಅಂದುಕೊಂಡರು. ಸಾಯುವ ಸ್ಥಿತಿಯಲ್ಲಿರುವ ಯಾವ ಸಿಸ್ಟರಿಗಾದರೂ ಫಾದರ್ ಬಂದು ಎಣ್ಣೆ ಹಚ್ಚಿ ಅಂತಿಮ ಅಭ್ಯಂಗ ಮಾಡಿದರೆಂದರೆ ನಾನು ನೋಟ್‌ಬುಕ್ ಹಿಡಿದು ಅವಳ ಹಾಸಿಗೆಯ ಬಳಿ ಹೋಗಬೇಕು. ಸತ್ತ ಮೇಲೆ ವಿವರ ಕೊಡುವವರು ಯಾರು? ಹಾಗಾಗಿ ನಾನು ಕಾರಿಡಾರಿನಲ್ಲಿ ಸುಮ್ಮನೆ ನಡೆದು ಹೋದರೂ ಮುದುಕಿಯರ ಎದೆ ಧಸಕ್ಕೆನ್ನುತ್ತದೆ. ಬೆನ್ನ ಹಿಂದೆ ನನ್ನನ್ನು ಸಾವಿನ ಗುಮಾಸ್ತೆ ಅನ್ನುತ್ತಾರೆ. ಅನ್ನಲಿ. ನನ್ನ ಪುಟಗಳಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೆ ತೋರಿಸಲಿ, ನೋಡೋಣ.

ಈಗ ಬರೆಯುತ್ತಿರುವುದು ಮಾತ್ರ ಆ ಪುಸ್ತಕಕ್ಕಲ್ಲ. ಇದು ಪುಟದಲ್ಲಿ ಹಿಡಿಸದೆ ಹೊರಗುಳಿದದ್ದು.

ಗಂಜಿ ಸಿಸ್ಟರ್ ನಲವತ್ತೊಂಬತ್ತು ವರ್ಷ ನಮ್ಮ ಬಟ್ಟೆ ಒಗೆದಳು. ಅಂಗಳದ ಹಿಂದಿನ ಉದ್ದನೆಯ ಕೋಣೆ, ಎರಡು ಕಲ್ಲಿನ ತೊಟ್ಟಿ, ನೀರು ಕಾಯಿಸುವ ದೊಡ್ಡ ಹಂಡೆ, ಇಸ್ತ್ರಿ ಮೇಜು: ಅವಳ ಲೋಕ ಅಷ್ಟೇ. ಯಂತ್ರ ತರಿಸಿದಾಗ ಹೊದಿಕೆಗಳನ್ನು ಅದರ ಬಾಯಿಗೆ ಹಾಕಿದಳೇ ಹೊರತು ನಮ್ಮ ಬಿಳಿ ಮುಸುಕುಗಳನ್ನು ಅದರ ಹತ್ತಿರಕ್ಕೂ ಬಿಡಲಿಲ್ಲ. ಅವಕ್ಕೆ ಕೈಯಿಂದಲೇ ಗಂಜಿ ಹಾಕಬೇಕು, ಅರೆ ಒಣಗಿದಾಗಲೇ ಇಸ್ತ್ರಿ ಮಾಡಬೇಕು. ಎಷ್ಟು ಗಂಜಿ ಎಂದು ಕೇಳಿದರೆ "ಅದೆಲ್ಲ ಬೆರಳಿಗೆ ಗೊತ್ತು" ಎನ್ನುತ್ತಿದ್ದಳು. ಹೆಸರು ಬಂದದ್ದು ಹಾಗೆ.

ಅವಳು ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ನಮ್ಮಲ್ಲಿ ಪ್ರತಿಯೊಬ್ಬಳಿಗೂ ಒಂದು ಬಟ್ಟೆ ನಂಬರ್ ಇದೆ. ನಿಲುವಂಗಿಯ ಕಾಲರಿನ ಒಳಗೆ, ಮುಸುಕಿನ ಅಂಚಿಗೆ, ಕಾಲುಚೀಲಕ್ಕೂ ಕೆಂಪು ದಾರದಲ್ಲಿ ಹೊಲಿದಿರುತ್ತದೆ. ಒಬ್ಬಳು ಸತ್ತರೆ ಅವಳ ನಂಬರು ಮುಂದೆ ಬರುವ ಹೊಸಬಳಿಗೆ. "ಹನ್ನೆರಡರ ಬಟ್ಟೆ ಬೆವರಲ್ಲಿ ತೊಯ್ದು ಹೋಗಿದೆ, ಜ್ವರ ಇದೆಯೋ ಏನೋ ನೋಡಿ" ಎಂದು ನರ್ಸ್ ಸಿಸ್ಟರಿಗೆ ಹೇಳಿ ಕಳಿಸುತ್ತಿದ್ದಳು. ಹೋಗಿ ನೋಡಿದರೆ ಹನ್ನೆರಡು ಮೈ ಸುಡುತ್ತಾ ಮಲಗಿರುತ್ತಿತ್ತು. ನಾನು ಒಂಬತ್ತು. "ಟೀಚರಮ್ಮಾ, ಒಂಬತ್ತರ ಕಾಲರ್ ಮಾತ್ರ ಯಾಕೆ ಇಷ್ಟು ಬೇಗ ಹರಿಯುತ್ತೆ ಗೊತ್ತಾ? ಸಿಟ್ಟು ಬಂದಾಗ ಕತ್ತು ಹಾಗೆ ತಿರುವ್ತೀರಲ್ಲ, ಅದಕ್ಕೆ" ಎಂದಳು ಒಮ್ಮೆ, ಹತ್ತು ಜನರ ಮುಂದೆ. ನಾನು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ.

ಹೋದ ವರ್ಷ ಒಬ್ಬ ಹೆಂಗಸು ಬಂದು ಗಂಜಿ ಸಿಸ್ಟರನ್ನು ಕೇಳಿದಳು. ಅವಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲವಾದ್ದರಿಂದ ನಾವೆಲ್ಲ ಬಾಗಿಲ ಸಂದಿಯಿಂದ ಇಣುಕಿದೆವು, ಸುಳ್ಳೇಕೆ ಹೇಳಲಿ. ಬಂದವಳು ಉದ್ದಕ್ಕನ ತಂಗಿಯ ಮಗಳು. "ದೊಡ್ಡಮ್ಮ ಹೋಗ್ಬಿಟ್ರು. ಬಟ್ಟೆ ಒಗೆಯೋ ಸಿಸ್ಟರಿಗೆ ಹೇಳಿಬಿಡು ಅಂದಿದ್ರು" ಎಂದಳು.

ಉದ್ದಕ್ಕ ನಮ್ಮವಳೇ ಆಗಿದ್ದಳು. ಗಂಜಿ ಸಿಸ್ಟರ್ ಸೇರಿದ ದಿನವೇ ಸೇರಿದವಳು, ನಿಲುವಂಗಿಗೆ ಯಾವಾಗಲೂ ಒಂದು ಗೇಣು ಬಟ್ಟೆ ಹೆಚ್ಚಿಗೆ ಕೊಡಬೇಕಾಗುತ್ತಿದ್ದ ಹುಡುಗಿ. ಹನ್ನೊಂದು ವರ್ಷ ಇದ್ದಳು. ತಾಯಿ ಹಾಸಿಗೆ ಹಿಡಿದಾಗ ಮನೆಗೆ ಹೋಗಲು ರಜೆ ಕೇಳಿದಳು, ಸಿಗಲಿಲ್ಲ. ಆ ಕಾಲವೇ ಹಾಗಿತ್ತು. ಬಿಟ್ಟು ಹೋದಳು. ಬಿಡುವವರು ಬೆಳಗಿನ ಪೂಜೆಯ ಹೊತ್ತಿನಲ್ಲಿ ಹಿಂದಿನ ಬಾಗಿಲಿನಿಂದ ಹೋಗಬೇಕು, ಯಾರಿಗೂ ಹೇಳಬಾರದು, ಆಮೇಲೆ ಅವರ ಹೆಸರು ಎತ್ತಬಾರದು. ತಿಂಡಿಗೆ ಬಂದಾಗ ಮೇಜಿನ ಬಳಿ ಒಂದು ಕುರ್ಚಿ ಕಡಿಮೆ ಇತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಅನ್ನಲಿಲ್ಲ.

ಬಂದ ಹೆಂಗಸು ಹೋದ ಮೇಲೆ ಗಂಜಿ ಸಿಸ್ಟರ್ ಒದ್ದೆ ಕೈಯಲ್ಲೇ ನನ್ನ ಕೋಣೆಗೆ ಬಂದಳು.

"ಟೀಚರಮ್ಮಾ, ಅವಳಿಗೆ ಒಂದು ಪುಟ ಬರೀರಿ."

"ಯಾರಿಗೆ?"

"ಗೊತ್ತಿಲ್ಲದವರ ಹಾಗೆ ಕೇಳ್ಬೇಡಿ."

"ಪುಸ್ತಕ ಇಲ್ಲೇ ಇದ್ದು ಇಲ್ಲೇ ಸತ್ತವರಿಗೆ" ಎಂದೆ. "ಬಿಟ್ಟು ಹೋದವರಿಗಲ್ಲ. ನಿಯಮ ನಾನು ಮಾಡಿದ್ದಲ್ಲ."

"ನೀವು ಮಾಡಿದ್ದಲ್ಲ. ಆದ್ರೆ ಎಷ್ಟು ಪ್ರೀತಿಯಿಂದ ಸಾಕ್ತಾ ಇದ್ದೀರಿ ನೋಡಿ!"

ಅಂದಿನಿಂದ ವಾರಕ್ಕೊಮ್ಮೆಯಾದರೂ ಇದೇ ಜಗಳ. ಈಗಿನ ಮದರ್ ನಮಗಿಂತ ಇಪ್ಪತ್ತು ವರ್ಷ ಚಿಕ್ಕವರು, ಉದ್ದಕ್ಕನನ್ನು ಕಂಡವರೇ ಅಲ್ಲ. "ಪುಸ್ತಕ ನೋಡ್ಕೊಳ್ಳೋದು ನೀವು, ನೀವೇ ತೀರ್ಮಾನ ಮಾಡಿ ಸಿಸ್ಟರ್" ಎಂದು ಕೈ ತೊಳೆದುಕೊಂಡರು. ಅಂದರೆ ಬರೆಯಲು ಅಡ್ಡಿಯಿದ್ದದ್ದು ನಾನೊಬ್ಬಳೇ. ನಮ್ಮ ಅಡುಗೆ ಸಿಸ್ಟರ್ ಇಬ್ಬರ ವಾದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, "ಒಬ್ಬಳು ಬಂಡೆ, ಇನ್ನೊಬ್ಬಳು ಗೋಡೆ. ನಡುವೆ ನನ್ನ ಸೂಪ್ ಆರಿ ಹೋಗ್ತಿದೆ" ಎಂದು ಗೊಣಗುತ್ತಿದ್ದಳು.

ಈ ವರ್ಷದ ಮೊದಲಲ್ಲಿ ಗಂಜಿ ಸಿಸ್ಟರಿನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ಎರಡೇ ತಿಂಗಳಲ್ಲಿ ಇಳಿದು ಹೋದಳು. ಫಾದರ್ ಬಂದು ಅಂತಿಮ ಅಭ್ಯಂಗ ಮಾಡಿದ ಮರುದಿನ ನಾನು ನೋಟ್‌ಬುಕ್ ಹಿಡಿದು ಹೋದೆ. ನನ್ನನ್ನು ಕಂಡು ನಕ್ಕವಳು ಅವಳೊಬ್ಬಳೇ.

"ಬಂದ್ರಾ ಗುಮಾಸ್ತೆಯವರು? ಕೂತ್ಕೊಳ್ಳಿ. ಬರ್ಕೊಳ್ಳಿ, ಆದ್ರೆ ಒಂದು ಮಾತು. ನಂದು ಒಂದು ಬರೆದ್ರೆ ಅವಳದ್ದೂ ಒಂದು ಬರೀಬೇಕು."

"ಪುಸ್ತಕಕ್ಕೆ ಹಾಕೋದಿಲ್ಲ."

"ಪುಸ್ತಕ ಯಾರು ಕೇಳಿದ್ರು? ನೋಟ್‌ಬುಕ್ಕಲ್ಲಿ ಬರೀರಿ. ಕಾಗದಕ್ಕೇನು ಬರವಾ?"

ಸಾಯುವವಳ ಜೊತೆ ಎಷ್ಟೆಂದು ಜಗಳವಾಡುವುದು? ಅವಳ ಸಂಗತಿಗಳನ್ನು ಎಡಗಡೆಯ ಹಾಳೆಯಲ್ಲೂ ಉದ್ದಕ್ಕನ ಸಂಗತಿಗಳನ್ನು ಬಲಗಡೆಯಲ್ಲೂ ಬರೆದುಕೊಂಡೆ. ನೀನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, "ಮೊದಲು ಅವಳದ್ದು" ಎನ್ನುವಳು. ತಾಯಿಯನ್ನು ಮಣ್ಣು ಮಾಡಿದ ಮೇಲೆ ಉದ್ದಕ್ಕ ಕ್ಷಯದ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದ್ದಳು. ಮೂವತ್ತನಾಲ್ಕು ವರ್ಷ ಅಲ್ಲೇ. ಮದುವೆಯಾಗಲಿಲ್ಲ. ಆಸ್ಪತ್ರೆಯ ಹಿಂದೆ ಒಂದು ಕೋಣೆ, ಒಂದು ಮಂಚ. ಬಂಧುಗಳು ಬಿಟ್ಟು ಹೋದ ರೋಗಿಗಳ ಮೈ ತೊಳೆಯುವುದು, ಯಾರೂ ಒಯ್ಯದ ಹೆಣಗಳಿಗೆ ಬಟ್ಟೆ ಉಡಿಸುವುದು. ಅದನ್ನೆಲ್ಲ ಆ ತಂಗಿಯ ಮಗಳು ಹೇಳಿ ಹೋಗಿದ್ದಳು. ಗಂಜಿ ಸಿಸ್ಟರ್ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು. ಓದು ಬರಹ ಅಷ್ಟಕ್ಕಷ್ಟೇ ಆದವಳು, ನೆನಪಿನಲ್ಲಿ ಇಡದೆ ಎಲ್ಲಿ ಇಡಬೇಕು?

ಅವಳ ಪುಟಕ್ಕೆ ಬೇಕೆಂದು ಬಟ್ಟೆ ಕೋಣೆಯ ನಂಬರಿನ ಪಟ್ಟಿ ತರಿಸಿ ನೋಡಿದೆ. ಇಪ್ಪತ್ತೆರಡರ ನಂತರ ಇಪ್ಪತ್ತನಾಲ್ಕು. ಮೂವತ್ತೆಂಟು ವರ್ಷದಲ್ಲಿ ಎಷ್ಟೋ ಹುಡುಗಿಯರು ಬಂದು ಸೇರಿದ್ದಾರೆ, ಉದ್ದಕ್ಕನ ಇಪ್ಪತ್ತಮೂರನ್ನು ಯಾರಿಗೂ ಕೊಟ್ಟಿಲ್ಲ. ಕೇಳಿದೆ.

"ಮದರ್‌ಗಳು ಕೇಳ್ತಿದ್ರು. ಆ ನಂಬರ್ ಬಟ್ಟೆ ಇನ್ನೂ ಒಣಗಿಲ್ಲ ಅಂತಿದ್ದೆ" ಎಂದಳು. ಹೊದಿಕೆಯ ಅಂಚನ್ನು ಬೆರಳಲ್ಲಿ ನೇರ ಮಾಡಿದಳು. "ಅವತ್ತು ಅವಳಿಗೆ ಹೊರಗಿನ ಬಟ್ಟೆ ಕೊಟ್ಟಿದ್ದು ನಾನೇ ಟೀಚರಮ್ಮ. ಸೇರೋವಾಗ ಉಟ್ಟು ಬಂದಿದ್ದು, ಗಿಡ್ಡ ಆಗಿತ್ತು, ಮಡಿಕೆ ಬಿಚ್ಚಿ ಇಸ್ತ್ರಿ ಮಾಡಿ ಇಟ್ಟಿದ್ದೆ. ಬಾಗಿಲಲ್ಲಿ ನಿಂತು ಕೇಳಿದ್ಳು, ಕಾಗದ ಬರೀಲೇನೇ ಅಂತ. ನಾನು ಬೇಡ ಅಂದೆ. ನಿಯಮ ಬಿಡಲ್ಲ ಅಂದೆ. ಅವಳು ಬರೀಲೇ ಇಲ್ಲ. ನನ್ನ ಮಾತು ಅಷ್ಟು ಚೆನ್ನಾಗಿ ಕೇಳಿದವಳು ಅವಳೊಬ್ಬಳೇ ಕಣ್ರೀ."

ನಾನು ಬರೆದುಕೊಂಡೆ.

ಮರುದಿನ ಸಂಜೆ ಅವಳ ದನಿ ತೀರಾ ಸಣ್ಣದಾಗಿತ್ತು. ನನ್ನ ನಿಲುವಂಗಿಯ ತೋಳು ಹಿಡಿದು ನನ್ನನ್ನು ಹತ್ತಿರಕ್ಕೆ ಬಗ್ಗಿಸಿಕೊಂಡಳು.

"ಅವಳದ್ದು ಬರೆದಿದ್ದೀರಲ್ಲ, ಅದನ್ನ ಒಂದ್ಸಲ ಓದಿ. ಊಟದ ಮನೇಲಿ ಬೇಡ. ನನ್ನ ಮುಂದೆ. ಗಟ್ಟಿಯಾಗಿ, ಪುಸ್ತಕ ಓದೋ ಹಾಗೆ."

ನೋಟ್‌ಬುಕ್ ನನ್ನ ಮಡಿಲಲ್ಲೇ ಇತ್ತು. ತೆರೆದು ನೋಡಿದೆ. ಅವಸರದಲ್ಲಿ ಗೀಚಿದ ಸಾಲುಗಳು, ಅರ್ಧಕ್ಕೆ ನಿಂತ ವಾಕ್ಯಗಳು, ಎರಡು ಕಡೆ ಕ್ರಿಯಾಪದವೇ ಇಲ್ಲ. ಹಾಗೆ ಓದಲು ನನಗೆ ಮನಸ್ಸಾಗಲಿಲ್ಲ. ಹತ್ತು ವರ್ಷದಲ್ಲಿ ತಿದ್ದದ ಒಂದು ಸಾಲನ್ನೂ ನಾನು ಯಾರ ಮುಂದೆಯೂ ಓದಿದವಳಲ್ಲ.

"ಇನ್ನೂ ತಿದ್ದಿಲ್ಲ" ಎಂದೆ. "ಬೆಳಗ್ಗೆ ನೆಟ್ಟಗೆ ಬರ್ಕೊಂಡು ಬಂದು ಓದ್ತೀನಿ. ಈಗ ಮಲಗು."

"ಆಯ್ತು" ಎಂದಳು. ವಾದ ಮಾಡದೆ ನನ್ನ ಮಾತಿಗೆ ಒಪ್ಪಿದ್ದು ಅದೊಂದೇ ಸಲ.

ಬೆಳಗಿನ ಪೂಜೆಗೆ ಮೊದಲೇ ನರ್ಸ್ ಸಿಸ್ಟರ್ ಬಂದು ಗಂಜಿ ಸಿಸ್ಟರ್ ಹೋದಳೆಂದು ಹೇಳಿದಳು. ತಿದ್ದಿದ ಪ್ರತಿ ನನ್ನ ಮೇಜಿನ ಮೇಲಿತ್ತು, ಅಚ್ಚುಕಟ್ಟಾಗಿ. ಅದನ್ನು ಹರಿದು ಹಾಕಿದೆ. ನನ್ನ ಮೇಲೆ ನನಗೆ ಬಂದ ಕೋಪಕ್ಕೆ ಇನ್ನೇನು ಮಾಡಬೇಕೆಂದೇ ತಿಳಿಯಲಿಲ್ಲ.

ಮೂವತ್ತನೆಯ ದಿನ ಊಟದ ಮನೆಯಲ್ಲಿ ಎದ್ದು ನಿಂತು ಅವಳ ಪುಟ ಓದಿದೆ. ಹುಟ್ಟು, ವ್ರತ, ನಲವತ್ತೊಂಬತ್ತು ವರ್ಷದ ಬಟ್ಟೆ. ಹೆಸರು ಹೇಳಿದೆ, ಎಲ್ಲರೂ ಉತ್ತರಿಸಿದರು. ಚಮಚಗಳಿಗೆ ಕೈ ಹೋಗುವ ಮೊದಲೇ ಕಿಸೆಯಿಂದ ನೋಟ್‌ಬುಕ್ ತೆಗೆದೆ.

"ಇದು ಪುಸ್ತಕದಲ್ಲಿಲ್ಲ. ಸಿಸ್ಟರ್ ಇದನ್ನು ಕೇಳಬೇಕೆಂದಿದ್ದಳು, ನಾನು ಓದಲಿಲ್ಲ" ಎಂದೆ. ಮದರ್ ತಲೆಯೆತ್ತಿ ನೋಡಿದರು, ತಡೆಯಲಿಲ್ಲ.

ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ, ಅರ್ಧ ವಾಕ್ಯಗಳ ಸಮೇತ. ಕ್ಷಯದ ಆಸ್ಪತ್ರೆ, ಹಿಂದಿನ ಕೋಣೆ, ಯಾರೂ ಒಯ್ಯದ ಹೆಣಗಳು. ಹಿಂದಿನ ಬಾಗಿಲು, ಬರೆಯದ ಕಾಗದ. ವಯಸ್ಸಾದ ನಾಲ್ಕೈದು ಜನ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಕೊನೆಗೆ ಹೆಸರು ಹೇಳಬೇಕು. ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ.

ಬಡಿಸುವ ಬಾಗಿಲಲ್ಲಿ ನಿಂತಿದ್ದ ಅಡುಗೆ ಸಿಸ್ಟರ್ ಹೇಳಿದಳು, ಗಟ್ಟಿಯಾಗಿ. ಮೂವತ್ತೆಂಟು ವರ್ಷದಿಂದ ಆ ಕೋಣೆಯಲ್ಲಿ ಯಾರೂ ಆಡದ ಹೆಸರು. ಮೊದಲು ಉತ್ತರ ಕೊಟ್ಟವರು ಉದ್ದಕ್ಕನನ್ನು ಕಾಣದ ಮದರ್. ಆಮೇಲೆ ನಾವೆಲ್ಲ.

ಊಟ ಮುಗಿದು ಎಲ್ಲರೂ ಎದ್ದು ಹೋದರು. ಅಡುಗೆ ಸಿಸ್ಟರ್ ಮೇಜು ಒರೆಸುತ್ತಾ ನನ್ನ ಬಳಿ ಬಂದಳು.

"ಅವಳು ಕೇಳಿದ್ದು ಇಷ್ಟೇ ತಾನೇ ಟೀಚರಮ್ಮ? ಎಷ್ಟು ಹೊತ್ತು ಹಿಡೀತು ಓದೋಕೆ?"

ಎದುರಿನ ಗೋಡೆಯ ಗಡಿಯಾರವನ್ನು ನಾನು ನೋಡಿಕೊಂಡಿದ್ದೆ.

"ನಾಲ್ಕು ನಿಮಿಷ" ಎಂದೆ.

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.